ನಾಲ್ಕನೇ ಬಾಗಿಲಿನ ಹಲಗೆ

"ಮುಟ್ಟಿಸು," ಎಂದಳು ಟೆಸ್ಟರಮ್ಮ.

ಪುಟ್ಟಿ ಒಂದು ಪೆನ್ಸಿಲ್ ಸೆಲ್ಲಿನ ಎರಡು ತುದಿಗೆ ಸ್ಪೀಕರಿನ ಎರಡು ವೈರುಗಳನ್ನು ಮುಟ್ಟಿಸಿದಳು. ಟಪ್ ಎಂದು ಸ್ಪೀಕರಿನ ಕಪ್ಪು ಕಾಗದದ ಬಟ್ಟಲು ಒಂದಿಷ್ಟೇ ಮುಂದಕ್ಕೆ ಬಂದು ನಿಂತಿತು.

"ಹೊರಗೆ ಬಂತು ಚಿಕ್ಕಮ್ಮ."

"ಹಾಗಾದ್ರೆ ಸೆಲ್ಲಿನ ಮೂಗು ಮುಟ್ಟಿರೋ ವೈರೇ ಪ್ಲಸ್ಸು. ಕೆಂಪು ಟೇಪು ಸುತ್ತು. ಒಂದು ಸ್ಪೀಕರ್ ಉಸಿರು ಬಿಡೋವಾಗ ಇನ್ನೊಂದು ಎಳ್ಕೊಂಡ್ರೆ, ಎಂಥ ಹಾಡಾದ್ರೂ ನೆಗಡಿ ಆದೋರು ಹಾಡಿದ ಹಾಗೆ ಕೇಳುತ್ತೆ."

ಪುಟ್ಟಿ ನಕ್ಕಳು. ನಕ್ಕವಳು ನಗಬಾರದಿತ್ತೇನೋ ಎಂಬಂತೆ ಕೂಡಲೇ ತಲೆ ತಗ್ಗಿಸಿದಳು. ಹತ್ತೊಂಬತ್ತು ವರ್ಷದ ಹುಡುಗಿ, ಮೂರು ವರ್ಷದಿಂದ ಹೀಗೇ.

ಟೆಸ್ಟರಮ್ಮ ಪುಟ್ಟಿಯ ಅಮ್ಮನ ತಂಗಿ. ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷ ಎಲೆಕ್ಟ್ರಿಷಿಯನ್ ಆಗಿ ದುಡಿದು ಹೋದ ವರ್ಷ ನಿವೃತ್ತಿಯಾದವಳು. ತುರುಬಿಗೆ ಒಂದು ಟೆಸ್ಟರ್ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ಮದುವೆ ಮನೆಗೆ ಹೊರಟರೂ ಅದೇ ಅಲಂಕಾರ. ಕೆಟ್ಟ ವೈರು ಹುಡುಕುತ್ತ ಹುಡುಕುತ್ತ ಬೀದಿಯವರ ಕೆಟ್ಟ ಕೆಲಸಗಳನ್ನೂ ಹುಡುಕಿ ಹೊರಹಾಕುವ ಚಟ ಅಂಟಿಕೊಂಡಿತ್ತು. ಕಳುವಾದ ನೀರಿನ ಪಂಪು, ಸುಳ್ಳು ಸಹಿ, ಕಾಣೆಯಾದ ಬಾಡಿಗೆದಾರ, ಎಲ್ಲವೂ ಅವಳ ಕೈಯಲ್ಲಿ ಬಯಲಿಗೆ ಬಂದಿದ್ದವು. ಅವಳ ನಿಜವಾದ ಹೆಸರನ್ನು ಜನ ಎಂದೋ ಮರೆತಿದ್ದರು.

ಈ ಸಲದ ಕೇಸು ಮಾತ್ರ ಮನೆಯದೇ ಆಗಿತ್ತು.

ಮೂರು ವರ್ಷದ ಹಿಂದೆ, ಬೆಳಕು ಮಂಕಾಗುವ ಹೊತ್ತಿನಲ್ಲಿ, ಭಾವನ, ಅಂದರೆ ಪುಟ್ಟಿಯ ಅಪ್ಪನ, ಕಾರು ನಡುರಸ್ತೆಯಲ್ಲಿ ಒಮ್ಮೆಗೇ ಸತ್ತು ನಿಂತಿತ್ತು. ಹಿಂದೆ ಮುಂದೆ ಒಂದು ದೀಪವೂ ಇಲ್ಲ. ಬದಿಗೆ ತಳ್ಳೋಣವೆಂದು ಇಳಿದ ಭಾವ ಹಿಂದಿನಿಂದ ಬಂದ ಲಾರಿಯವನ ಕಣ್ಣಿಗೆ ಬೀಳಲೇ ಇಲ್ಲ. ಇನ್ಶೂರೆನ್ಸಿನವನು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ ಒಂದೇ ಸಾಲು ಬರೆದು ಹೋದ: ಮನೆಯಲ್ಲೇ ಮಾಡಿಕೊಂಡ ವೈರಿಂಗ್ ಕಾರಣ. ಮನೆಯಲ್ಲಿ ಆ ವೈರಿಂಗ್ ಮಾಡಿದವರು ಇಬ್ಬರೇ. ಒಬ್ಬ ಭಾವ. ಇನ್ನೊಬ್ಬಳು ಆಗ ಹದಿನಾರು ವರ್ಷದ ಪುಟ್ಟಿ.

ಮಾರಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಕಾರು ಮನೆಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕೂತಿತ್ತು. ಆರು ತಿಂಗಳ ಹಿಂದೆ ಪುಟ್ಟಿ ಆ ಟಾರ್ಪಾಲು ಎಳೆದಳು. "ಇದನ್ನ ಓಡಿಸ್ತೀನಿ. ಅಪ್ಪ ಕೂರಿಸಿದ ಜಾಗದಲ್ಲೇ ಸ್ಪೀಕರ್ ಕೂರಿಸಿ, ಅಪ್ಪನಿಗೆ ಇಷ್ಟವಾದ ಹಾಡು ಹಾಕ್ತೀನಿ," ಎಂದಳು. ತಗಡಿನ ಕೆಲಸ ಆಯಿತು, ಎಂಜಿನ್ ಕೆಲಸ ಆಯಿತು. ಉಳಿದದ್ದು ಹಳೆಯ ವೈರನ್ನೆಲ್ಲ ಕಿತ್ತು ಹೊಸದು ಎಳೆಯುವುದು. ಟೆಸ್ಟರಮ್ಮ ಕೇಳದೆಯೇ ಬಂದು ನಿಂತಳು. ಹಳೆಯದನ್ನು ಕೀಳುವಾಗ ಕಾರಣವೂ ಕಿತ್ತು ಬರುತ್ತದೆ ಎಂಬುದು ಅವಳ ಲೆಕ್ಕಾಚಾರ.

ಶೆಡ್ಡಿನ ಗೋಡೆಗೆ ಮೂರು ಹಲಗೆಗಳು ಒರಗಿದ್ದವು. ಬಾಗಿಲಿನ ಒಳಮೈ ಮುಚ್ಚುವ ರಟ್ಟಿನಂಥ ಹಲಗೆಗಳು.

ಭಾವ ದರ್ಜಿ. ಅಳತೆ ಬರೆದುಕೊಳ್ಳದೆ ಕತ್ತರಿ ಮುಟ್ಟುತ್ತಿರಲಿಲ್ಲ. ಅಳತೆಯ ಪಕ್ಕದಲ್ಲಿ ಅದು ಯಾರು ಕೊಟ್ಟದ್ದೆಂದು ಬರೆಯದೆ ಬಟ್ಟೆ ಮಡಚುತ್ತಿರಲಿಲ್ಲ. ಅಂಗಡಿಯ ಚಾಳಿ ಕಾರಿಗೂ ಬಂದಿತ್ತು. ಪ್ರತಿ ಹಲಗೆಯ ಬೆನ್ನಿಗೆ ದಪ್ಪ ಪೆನ್ಸಿಲ್ಲಿನಲ್ಲಿ ತಾನು ಮಾಡಿದ್ದನ್ನು ಬರೆದಿಟ್ಟಿದ್ದ.

'ಮುಂದಿನ ಎಡಬಾಗಿಲು. ಸ್ಪೀಕರಿನ ತೂತು ಆರು ಇಂಚು. ಅಳತೆ: ಅಂಗಡಿಯವನು. ತಪ್ಪು. ಆರೂಕಾಲು.'

'ಮುಂದಿನ ಬಲಬಾಗಿಲು. ವೈರು ಎರಡು ಮೊಳ. ಅಳತೆ: ಪುಟ್ಟಿಯ ಕೈ.'

'ಹಿಂದಿನ ಬಲಬಾಗಿಲು. ಒಂದು ಸ್ಕ್ರೂ ಕಾಣೆ. ಪುಟ್ಟಿ ಕಳೆದಿಲ್ಲವಂತೆ. ನಂಬಿದ್ದೇನೆ.'

ಈ ಮೂರನ್ನೂ ಪುಟ್ಟಿ ಎಷ್ಟು ಸಲ ಓದಿದ್ದಳೋ, ಬಾಯಿಪಾಠವಾಗಿತ್ತು. ನಾಲ್ಕನೆಯದು ಇರಲಿಲ್ಲ. ಹಿಂದಿನ ಎಡಬಾಗಿಲಿಗೆ ಯಾರೋ ಒಂದು ತುಂಡು ಪ್ಲೈವುಡ್ ಹೊಡೆದು ಬಿಟ್ಟಿದ್ದರು.

"ಒಡೆದು ಹೋಗಿದ್ದಲ್ಲ," ಎಂದಿದ್ದಳು ಟೆಸ್ಟರಮ್ಮ, ಅದನ್ನು ಕಂಡ ದಿನವೇ. "ಕ್ಲಿಪ್ ನೋಡು, ಹತ್ತಕ್ಕೆ ಹತ್ತೂ ಗಟ್ಟಿಯಾಗಿವೆ. ಕೆಲಸ ಬಲ್ಲೋರು ಕೂತು ನಿಧಾನಕ್ಕೆ ಬಿಚ್ಚಿದ್ದಾರೆ."

"ಯಾಕೆ ಚಿಕ್ಕಮ್ಮ? ರಟ್ಟಿನ ಹಲಗೆ ಯಾರಿಗೆ ಬೇಕು?"

"ಅದರ ಬೆನ್ನ ಮೇಲೆ ಏನು ಬರೆದಿತ್ತೋ, ಅದು ಬೇಡವಾದೋರಿಗೆ."

ಇವತ್ತು ಕಾರ್ಪೆಟ್ಟಿನ ಸರದಿ.

ಮುಂದಿನ ಸೀಟು ಎತ್ತಿ ಆಚೆ ಇಟ್ಟರು. ಇಬ್ಬರೂ ಎರಡು ಕಡೆಯಿಂದ ಹಿಡಿದು ಕಾರ್ಪೆಟ್ಟು ಎಳೆದರೆ ಅದು ಒಂದು ಕಡೆ ಬರಲೊಲ್ಲದು. ನೆಲಕ್ಕೆ ಅಂಟಿಕೊಂಡಿತ್ತು. ಟೆಸ್ಟರಮ್ಮ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದಳು. ಕಾರ್ಪೆಟ್ಟಿನ ಜೊತೆಗೇ ಕರಗಿ ಗಟ್ಟಿಯಾದ ಕಪ್ಪು ಪ್ಲಾಸ್ಟಿಕ್ಕು, ಅದರೊಳಗಿಂದ ಬೆತ್ತಲೆ ತಾಮ್ರದ ಎಳೆ ಮೇಲೆದ್ದು ಬಂತು. ಪಕ್ಕದಲ್ಲೇ ಹಾದುಹೋಗಿದ್ದ ಕಾರಿನ ಮೂಲ ವೈರಿನ ಕಂತೆಯೂ ಅಷ್ಟುದ್ದ ಬೆಂದು ಒಂದಾಗಿತ್ತು.

"ಇದೇ," ಎಂದಳು ಟೆಸ್ಟರಮ್ಮ ಮೆಲ್ಲಗೆ. "ಬ್ಯಾಟರಿಯಿಂದ, ಸ್ಪೀಕರಿನ ದನಿ ಜೋರು ಮಾಡೋ ಆಂಪ್ಲಿಫೈಯರಿಗೆ ಹೋಗಿದ್ದ ವೈರು. ಕಾದು ಕಾದು ಕರಗಿ ಪಕ್ಕದ್ದನ್ನೂ ಸುಟ್ಟಿದೆ. ಅದಕ್ಕೇ ಎಲ್ಲ ದೀಪ ಒಟ್ಟಿಗೇ ಹೋಗಿವೆ."

ತಿರುಗಿ ನೋಡಿದರೆ ಪುಟ್ಟಿ ಕಾರಿನ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು.

"ಚಿಕ್ಕಮ್ಮ, ಒಂದು ಮಾತು ಹೇಳ್ಬೇಕು. ಅಮ್ಮನಿಗೂ ಹೇಳಿಲ್ಲ."

"ಹೇಳು ಮಗಳೇ."

"ಹಾಡು ಜೋರು ಮಾಡಿದಾಗೆಲ್ಲ ಫ್ಯೂಸ್ ಹೋಗ್ತಿತ್ತು. ಹದಿನೈದರ ಫ್ಯೂಸು. ಮೂರು ಸಲ ಹೋಯ್ತು. ಆ ಸೋಮವಾರ ಅಪ್ಪ ಅಂಗಡೀಲಿದ್ರು. ನಾನೇ ಹೋಗಿ ಮೂವತ್ತರದು ತಂದು ಹಾಕ್ದೆ. ಅಪ್ಪನಿಗೆ ಆಶ್ಚರ್ಯ ಆಗ್ಲಿ ಅಂತ. ಗುರುವಾರ..." ಅವಳು ಸುಟ್ಟ ತಾಮ್ರದ ಕಡೆ ಕೈ ತೋರಿಸಿದಳು. "ಚಿಕ್ಕ ಫ್ಯೂಸೇ ಇದ್ದಿದ್ರೆ ಅದು ಹೋಗಿರೋದು, ಅಪ್ಪ ಇರೋರು. ನಾನೇ ಚಿಕ್ಕಮ್ಮ. ನಾನೇ."

ಮೂರು ವರ್ಷ ಈ ಮಗು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಉಂಡಿದೆ, ಮಲಗಿದೆ, ಕಾಲೇಜಿಗೆ ಹೋಗಿದೆ. ಟೆಸ್ಟರಮ್ಮ ಗ್ರೀಸು ಮೆತ್ತಿದ ಕೈಯಲ್ಲೇ ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಲೆಕ್ಕ.

"ಹಳೇ ಆಂಪ್ಲಿಫೈಯರ್ ಎಷ್ಟು ವ್ಯಾಟು?"

"ಮುನ್ನೂರು."

"ಮೂವತ್ತರ ಫ್ಯೂಸೇ ತರ್ಬೇಕು ಅಂತ ಹೇಗೆ ಗೊತ್ತಾಯ್ತು?"

"ಅದರ ಬೆನ್ನ ಮೇಲೇ ಮೂವತ್ತು ಅಂತ ಅಚ್ಚು ಹಾಕಿತ್ತು."

ಟೆಸ್ಟರಮ್ಮ ಸೀಮೆಸುಣ್ಣ ತೆಗೆದು ಶೆಡ್ಡಿನ ನೆಲದ ಮೇಲೆ ಕೂತಳು. "ಬಾ ಇಲ್ಲಿ, ನೋಡು. ಕಾರಿನ ಬ್ಯಾಟರಿ ಹನ್ನೆರಡು ವೋಲ್ಟು. ಮುನ್ನೂರನ್ನ ಹನ್ನೆರಡರಿಂದ ಭಾಗಿಸು."

"ಇಪ್ಪತ್ತೈದು."

"ಇಪ್ಪತ್ತೈದು ಆಂಪಿಯರ್ ಎಳೆಯೋ ಪೆಟ್ಟಿಗೆಗೆ ಯಾವ ಫ್ಯೂಸು?"

ಪುಟ್ಟಿ ಮೂಗು ಒರೆಸಿಕೊಂಡಳು. "ಮೂವತ್ತು."

"ಮತ್ತೆ? ನೀನು ಹಾಕಿದ್ದು ಸರಿ. ತಪ್ಪಾಗಿರೋದು ವೈರು. ಇಷ್ಟು ಕರೆಂಟಿಗೆ ಪೆನ್ಸಿಲ್ ದಪ್ಪದ ವೈರು ಬೇಕು. ಇದನ್ನ ನೋಡು, ಎರಡೂವರೆ ಚದರ ಮಿಲಿಮೀಟರಿನದು. ಶಾವಿಗೆ ಎಳೆ." ಅವಳು ಸುಟ್ಟ ತಾಮ್ರವನ್ನು ಹೊಸ ಕೆಂಪು ವೈರಿನ ಪಕ್ಕ ಹಿಡಿದು ತೋರಿಸಿದಳು. "ಫ್ಯೂಸ್ ಹಾಕೋರು ವೈರು ನೋಡ್ಬೇಕು, ಅದು ನಿಜ. ಆದ್ರೆ ವೈರು ಕಾರ್ಪೆಟ್ ಕೆಳಗಿತ್ತು. ಹದಿನಾರು ವರ್ಷದವಳು ಅದನ್ನ ಕಂಡಿರ್ಬೇಕು ಅನ್ನೋರು ಯಾರಾದ್ರೂ ಇದ್ರೆ ಕರ್ಕೊಂಡು ಬಾ, ನಾನು ಮಾತಾಡ್ತೀನಿ."

ಪುಟ್ಟಿ ನೆಲದ ಮೇಲಿನ ಲೆಕ್ಕವನ್ನು ಬಹಳ ಹೊತ್ತು ನೋಡಿದಳು. ತಾನೇ ಇನ್ನೊಮ್ಮೆ ಭಾಗಿಸಿದಳು. ಆಮೇಲೆ ಚಿಕ್ಕಮ್ಮನ ಮಡಿಲಿಗೆ ಮುಖ ಹಾಕಿ ಅತ್ತಳು. ಅತ್ತು ಮುಗಿಯುವವರೆಗೂ ಟೆಸ್ಟರಮ್ಮ ಅವಳ ಬೆನ್ನು ಸವರುತ್ತ ಕೂತಳು.

"ಹಾಗಾದ್ರೆ ಈ ಸಣ್ಣ ವೈರು ಹಾಕು ಅಂತ ಅಪ್ಪನಿಗೆ ಹೇಳಿದ್ಯಾರು?" ಎಂದಳು ಪುಟ್ಟಿ ಕೊನೆಗೆ. "ಅಪ್ಪ ಯಾರನ್ನಾದ್ರೂ ಕೇಳದೆ ಒಂದು ಇಂಚೂ ಕತ್ತರಿಸ್ತಿರಲಿಲ್ಲ."

"ಅದನ್ನ ನಾನು ಕಂಡುಹಿಡೀತೀನಿ. ಯಾರೇ ಆಗಿರ್ಲಿ, ನಿನ್ನ ಮುಂದೆ ನಿಲ್ಲಿಸಿ, ಅವರ ಬಾಯಿಂದಲೇ ತಪ್ಪಾಯ್ತು ಅಂತ ಹೇಳಿಸ್ತೀನಿ. ಇಷ್ಟು ದಿನ ಒಂದು ಮಗು ಹೊತ್ತಿದ್ದನ್ನ ಅವರು ಹೊರಲಿ."

ಕಂಡುಹಿಡಿಯುವುದು ಕಷ್ಟವೇನೂ ಆಗಲಿಲ್ಲ. ಮನೆಗೆ ನಡೆದು ಹೋಗುವಾಗ ದಾರಿಯಲ್ಲೇ ಹೊಳೆಯಿತು. ಮುನ್ನೂರು ವ್ಯಾಟಿಗೆ ಹದಿನೈದರ ಫ್ಯೂಸು, ಎರಡೂವರೆಯ ವೈರು. ಇದು ಕೆಲಸ ಬಾರದವರ ತಪ್ಪಲ್ಲ. ಚೆನ್ನಾಗಿ ಬಂದವರ ತಪ್ಪು. ಬಸ್ಸಿಗೆ ಇರುವುದು ಎರಡು ಬ್ಯಾಟರಿ, ಇಪ್ಪತ್ನಾಲ್ಕು ವೋಲ್ಟು. ಇಪ್ಪತ್ನಾಲ್ಕರಿಂದ ಭಾಗಿಸಿದರೆ ಹನ್ನೆರಡೂವರೆ ಆಂಪಿಯರ್. ಆಗ ಹದಿನೈದರ ಫ್ಯೂಸು ಸರಿ, ಎರಡೂವರೆಯ ವೈರೂ ಸರಿ. ಬಸ್ಸಿನ ಲೆಕ್ಕವನ್ನು ಯಾರೋ ಕಾರಿಗೆ ಹಾಕಿದ್ದಾರೆ.

ಬಸ್ಸಿನ ಕೆಲಸ ಬಲ್ಲವನು, ಭಾವನಿಗೆ ಗುರುತಿದ್ದವನು. ಅಪಘಾತವಾದ ಮೇಲೆ ಕಾರು ನಲವತ್ತು ದಿನ ನಿಂತಿದ್ದದ್ದು ಯಾರ ಅಂಗಳದಲ್ಲಿ? ಕ್ಲಿಪ್ ಮುರಿಯದೆ ಹಲಗೆ ಬಿಚ್ಚುವ ಕೈ ಯಾರದು? ಎಲ್ಲ ವೈರೂ ಒಂದೇ ಕಡೆ ಹೋಗಿ ಸೇರುತ್ತಿತ್ತು.

ಸ್ಪ್ಯಾನರ್.

ಅವನು ಡಿಪೋದಲ್ಲಿ ಒಂಬತ್ತು ವರ್ಷ ಅವಳ ಕೈಕೆಳಗೇ ಕೆಲಸ ಕಲಿತವನು. ಕಿವಿಯ ಮೇಲೆ ಬೀಡಿ ಇಡುವ ಹಾಗೆ ಸ್ಪ್ಯಾನರ್ ಇಟ್ಟುಕೊಳ್ಳಲು ಹೋಗಿ ಬೀಳಿಸಿ ಆ ಹೆಸರು ಪಡೆದವನು. ಡಿಪೋ ಬಿಟ್ಟು ಸ್ವಂತ ಗ್ಯಾರೇಜ್ ಹಾಕಿದ್ದ. ಟೆಸ್ಟರಮ್ಮನಿಗೆ ಅವನ ಮೇಲೆ ತಮ್ಮನ ಮೇಲಿರುವಷ್ಟೇ ಪ್ರೀತಿ. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದು ಸುಟ್ಟ ವೈರಿನ ತುಂಡನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಅವಸರದಲ್ಲಿ ಕನ್ನಡಕ ಕಾರಿನ ಬಾನೆಟ್ಟಿನ ಮೇಲೇ ಉಳಿಯಿತು. ಬಾಗಿಲಲ್ಲಿ ಅಕ್ಕ ಸಿಕ್ಕಿ, "ನಿನ್ನೆ ಅವಳಿಗೆ ಏನು ಹೇಳಿದ್ಯೇ? ಎರಡು ಸಲ ಬಡಿಸ್ಕೊಂಡು ಊಟ ಮಾಡಿದ್ಲು," ಎಂದು ಕೈ ಹಿಡಿದುಕೊಂಡಳು. ಟೆಸ್ಟರಮ್ಮ ಆ ಕೈಯನ್ನು ಒಮ್ಮೆ ಅದುಮಿ, "ಸ್ಪ್ಯಾನರ್ ಗ್ಯಾರೇಜಿಗೆ ಹೋಗ್ಬರ್ತೀನಿ," ಎಂದು ಹೊರಟುಬಿಟ್ಟಳು.

ಸ್ಪ್ಯಾನರ್ ಒಂದು ವ್ಯಾನಿನ ಅಡಿಯಿಂದ ಜಾರಿ ಹೊರಬಂದ. ಅವಳನ್ನು ಕಂಡು ಮುಖ ಅರಳಿತು.

"ಬನ್ನಿ ಅಕ್ಕಾ, ಬನ್ನಿ. ಟೀ ತರಿಸ್ಲಾ?"

"ಟೀ ಆಮೇಲೆ. ಭಾವನ ಕಾರಿನ ಹಿಂದಿನ ಎಡಬಾಗಿಲ ಹಲಗೆ ಎಲ್ಲಿ?"

ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆ ಅಲ್ಲೇ ನಿಂತಿತು. "ಯಾವ ಹಲಗೆ?"

"ಕ್ಲಿಪ್ ಮುರೀದೆ ಬಿಚ್ಚೋದು ನಿನಗೆ ನಾನೇ ಕಲಿಸಿದ್ದು. ಸುಳ್ಳು ಹೇಳೋದನ್ನ ನಾನು ಕಲಿಸಿರಲಿಲ್ಲ."

ಅವಳು ಚೀಲದಿಂದ ಸುಟ್ಟ ವೈರು ತೆಗೆದು ಅವನ ಕೆಲಸದ ಮೇಜಿನ ಮೇಲೆ ಇಟ್ಟಳು.

"ಮುನ್ನೂರು ವ್ಯಾಟಿಗೆ ಈ ವೈರು, ಹದಿನೈದರ ಫ್ಯೂಸು. ಯಾರ ಲೆಕ್ಕ ಕಣೋ ಇದು? ಇಪ್ಪತ್ನಾಲ್ಕರಿಂದ ಭಾಗಿಸೋರ ಲೆಕ್ಕ. ಭಾವನ ಗುರುತಿನಲ್ಲಿ ಬಸ್ಸಿನ ಕೆಲಸ ಮಾಡಿದೋನು ನೀನೊಬ್ಬನೇ."

"ನಾನೊಬ್ಬನೇನಾ ಅಕ್ಕಾ?" ಎಂದ ಅವನು, ಬಹಳ ಮೆಲ್ಲಗೆ.

ಕೋಪದಲ್ಲಿದ್ದವಳಿಗೆ ಅದು ಕೇಳಿಸಿಯೂ ಕೇಳಿಸಲಿಲ್ಲ. "ಇನ್ಯಾರು? ತಪ್ಪು ಎಲ್ಲರಿಗೂ ಆಗುತ್ತೆ. ಮುಚ್ಚಿಟ್ಟಿದ್ದೀಯಲ್ಲ, ಅದಕ್ಕೆ ನನ್ನ ಹೊಟ್ಟೆ ಉರೀತಿದೆ. ಇಪ್ಪತ್ತಾರು ವರ್ಷ ಕೆಲಸ ಮಾಡಿದೆ, ನನ್ನ ಕೈ ಮುಟ್ಟಿದ ಒಂದು ಬಸ್ಸಿಗೂ ಹೊಗೆ ಬಂದಿಲ್ಲ. ನನ್ನ ಹತ್ರ ಕಲಿತೋನು ನೀನು ಹೀಗೆ ಮಾಡಿದ್ಯಲ್ಲ."

"ಈ ಕೇಸು ಬಿಟ್ಟುಬಿಡಿ ಅಕ್ಕಾ. ಕೈ ಮುಗೀತೀನಿ. ಹೋದೋರು ಹೋದ್ರು. ಈಗ ಗೊತ್ತಾದ್ರೆ ಯಾರಿಗೂ ಒಳ್ಳೇದಾಗಲ್ಲ."

"ಯಾರಿಗೂ ಒಳ್ಳೇದಾಗಲ್ವಾ? ಮೂವತ್ತರ ಫ್ಯೂಸು ಹಾಕಿದ್ದು ತಾನು, ಅಪ್ಪನ್ನ ಕೊಂದಿದ್ದು ತಾನು ಅಂತ ಪುಟ್ಟಿ ಮೂರು ವರ್ಷದಿಂದ ಒಳಗೊಳಗೇ ಬೇಯ್ತಿದ್ಲು. ನಿನ್ನೆ ಬಾಯಿ ಬಿಟ್ಲು. ಹದಿನಾರು ವರ್ಷದ ಮಗು ಹೊತ್ಕೊಂಡಿದ್ದನ್ನ ನೀನು ನೋಡ್ಕೊಂಡು ಕೂತಿದ್ಯಲ್ಲೋ."

ಸ್ಪ್ಯಾನರ್ ಕೈಯಿಂದ ಬಟ್ಟೆ ಬಿದ್ದುಹೋಯಿತು. "ಪುಟ್ಟಿನಾ? ನನಗೆ ಗೊತ್ತಿರಲಿಲ್ಲ ಅಕ್ಕಾ. ನಿಮ್ಮಾಣೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ..." ಅವನು ಗ್ಯಾರೇಜಿನ ಹಿಂದಿನ ಕೋಣೆಗೆ ಹೋದ. ಅಟ್ಟದಿಂದ ಏನನ್ನೋ ಎಳೆಯುವ ಸದ್ದು ಕೇಳಿತು.

ಹಳೆಯ ಹೊದಿಕೆಯೊಂದರಲ್ಲಿ ಸುತ್ತಿ, ನಾಲ್ಕು ಕಡೆ ದಾರ ಕಟ್ಟಿಟ್ಟಿದ್ದ. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ.

"ಸುಟ್ಟುಬಿಡೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಅವರ ಅಕ್ಷರ ಅಲ್ವಾ, ಕೈ ಬರಲಿಲ್ಲ." ಅವನು ಅದನ್ನು ಅವಳ ಕೈಗೆ ಕೊಡುವ ಮುನ್ನ ಒಂದು ಕ್ಷಣ ಹಿಡಿದೇ ಇದ್ದ. "ಅಕ್ಕಾ, ಓದ್ಲೇಬೇಕಾ?"

ಟೆಸ್ಟರಮ್ಮ ದಾರ ಬಿಚ್ಚಿದಳು. ಕನ್ನಡಕಕ್ಕೆ ಹಣೆ ತಡಕಿದಳು, ಇರಲಿಲ್ಲ. ಹಲಗೆಯನ್ನು ತೋಳಿನುದ್ದ ದೂರ ಹಿಡಿದಳು. ದಪ್ಪ ಪೆನ್ಸಿಲ್ಲು, ದರ್ಜಿಯ ಗುಂಡು ಗುಂಡು ಅಕ್ಷರ. ಕಾಣಿಸಿತು.

'ಹಿಂದಿನ ಎಡಬಾಗಿಲು. ಆಂಪ್ಲಿಫೈಯರ್ ಮುನ್ನೂರು ವ್ಯಾಟ್. ವೈರು ಎರಡೂವರೆ. ಫ್ಯೂಸು ಹದಿನೈದು. ಅಳತೆ: ನಾದಿನಿ, ಫೋನಿನಲ್ಲಿ. ಅವಳು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವುದೇನಿದೆ.'

ಅವಳು ಇನ್ನೊಮ್ಮೆ ಓದಿದಳು.

ನೆನಪಾಯಿತು. ಡಿಪೋದಲ್ಲಿ ಬಸ್ಸಿನಡಿ ನಿಂತು ಕೆಲಸ ಮಾಡುವ ಗುಂಡಿ. ತಲೆಯ ಮೇಲೆ ಬಸ್ಸು, ಎಂಜಿನ್ ಗುಡುಗುತ್ತಿದೆ. ಕಿವಿ ಮತ್ತು ಭುಜದ ನಡುವೆ ಫೋನು, ಎರಡು ಕೈಯಲ್ಲೂ ಕೆಲಸ. 'ನಾದಿನಿ, ಮುನ್ನೂರು ವ್ಯಾಟಿಗೆ ಏನು ಹಾಕ್ಬೇಕು?' 'ಎರಡೂವರೆ ವೈರು, ಹದಿನೈದರ ಫ್ಯೂಸು. ಇಡ್ತೀನಿ ಭಾವ, ಬಸ್ ಹೊರಡ್ಬೇಕು.' ಅರ್ಧ ನಿಮಿಷವೂ ಇರಲಿಲ್ಲ. ಯಾವ ಗಾಡಿಗೆ ಎಂದು ಅವಳು ಕೇಳಿರಲಿಲ್ಲ. ಸಂಜೆಯಾಗುವಷ್ಟರಲ್ಲಿ ಮರೆತೂ ಹೋಗಿತ್ತು.

ಸ್ಪ್ಯಾನರ್ ಒಂದು ಸ್ಟೂಲು ಎಳೆದು ಅವಳ ಹಿಂದೆ ಇಟ್ಟ. ಅವಳು ಕೂತಳು.

"ಅವತ್ತೇ ಕಂಡೆ," ಎಂದ. "ಆಗ ನೀವು ಅಕ್ಕನ ಮನೆಯಲ್ಲಿ ಅಡುಗೆಯಿಂದ ಹಿಡಿದು ಎಲ್ಲ ನೋಡ್ಕೊಂಡು, ಕಣ್ಣೀರು ಹಾಕೋಕೂ ಪುರುಸೊತ್ತಿಲ್ಲದೆ ಓಡಾಡ್ತಿದ್ರಿ. ಇದನ್ನ ತಂದು ಹೇಗೆ ಕೊಡ್ಲಿ ನಿಮ್ಮ ಕೈಗೆ?"

"ಮೂರು ವರ್ಷ," ಎಂದಳು.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಯಾರೋ ಗುನುಗುತ್ತಿದ್ದರು. ಭಾವನಿಗೆ ಇಷ್ಟವಾದ ಹಾಡು ಅದು. ಮೂರು ವರ್ಷದಿಂದ ಆ ದನಿಯಲ್ಲಿ ಟೆಸ್ಟರಮ್ಮ ಒಂದು ಹಾಡೂ ಕೇಳಿರಲಿಲ್ಲ.

"ಚಿಕ್ಕಮ್ಮ, ಕನ್ನಡಕ ಬಿಟ್ಟು ಬಂದಿದ್ಯ," ಎನ್ನುತ್ತ ಪುಟ್ಟಿ ಒಳಗೆ ಬಂದಳು. ಇಬ್ಬರ ಮುಖ ನೋಡಿ ಹಾಡು ನಿಲ್ಲಿಸಿದಳು. ಮೇಜಿನ ಮೇಲಿನ ಸುಟ್ಟ ವೈರು ನೋಡಿದಳು. "ಸಿಕ್ಕಿದ್ರಾ? ಅಪ್ಪನಿಗೆ ಆ ಅಳತೆ ಕೊಟ್ಟೋರು?"

ಟೆಸ್ಟರಮ್ಮ ಬಾಯಿ ತೆರೆದಳು. ಅದಕ್ಕೂ ಮೊದಲು ಸ್ಪ್ಯಾನರ್ ಒಂದು ಹೆಜ್ಜೆ ಮುಂದೆ ಬಂದು ಇಬ್ಬರ ನಡುವೆ ನಿಂತ.

"ನಾನೇ ಪುಟ್ಟಿ," ಎಂದ. "ಆ ವೈರು ಹೇಳಿದ್ದು ನಾನೇ. ಬಸ್ಸಿನ ಲೆಕ್ಕ ಹೇಳಿಬಿಟ್ಟೆ. ತಪ್ಪಾಯ್ತು ಮಗಳೇ."

ಪುಟ್ಟಿ ಅವನನ್ನು ನೋಡುತ್ತ ನಿಂತಳು. ಬೈಯಲಿಲ್ಲ, ಅಳಲಿಲ್ಲ. ಮೂರು ವರ್ಷ ಅದೇ ತಪ್ಪನ್ನು ಹೊತ್ತವಳಿಗೆ ಅದರ ಭಾರ ಗೊತ್ತಿತ್ತು. "ನೀವೂ ಇಷ್ಟು ದಿನ ನಿದ್ದೆ ಮಾಡಿರಲ್ಲ ಅಲ್ವಾ ಮಾವ?" ಎಂದಳು. ಸ್ಪ್ಯಾನರ್ ಗೋಡೆಯ ಕಡೆಗೆ ಮುಖ ತಿರುಗಿಸಿದ.

ಆಗ ಅವಳ ಕಣ್ಣು ಸ್ಟೂಲಿನ ಮೇಲೆ ಕೂತಿದ್ದ ಚಿಕ್ಕಮ್ಮನ ಕೈಗೆ ಹೋಯಿತು. ನೆಲದ ಮೇಲಿನ ಹೊದಿಕೆ, ಬಿಚ್ಚಿದ ದಾರ, ಎದೆಗೆ ಒತ್ತಿ ಹಿಡಿದ ಹಲಗೆ.

"ನಾಲ್ಕನೇದು," ಎಂದಳು. "ಅಪ್ಪಂದು. ಇತ್ತಾ ಇನ್ನೂ?"

ಹತ್ತಿರ ಬಂದು ನೆಲದ ಮೇಲೆ ಮಂಡಿಯೂರಿ ಕೂತಳು. ಕನ್ನಡಕ ಬಿಡಿಸಿ, ತನ್ನ ದುಪಟ್ಟಾದಲ್ಲಿ ಒರೆಸಿ, ಟೆಸ್ಟರಮ್ಮನ ಕಿವಿಗೆ ತಾನೇ ಸಿಕ್ಕಿಸಿದಳು. ಆಮೇಲೆ ಎರಡೂ ಕೈ ಚಾಚಿದಳು.

"ಕನ್ನಡಕ ಇಲ್ದೆ ನಿನಗೆ ಓದೋಕಾಗಿರಲ್ಲ. ಕೊಡು ಚಿಕ್ಕಮ್ಮ, ನಾನೇ ಗಟ್ಟಿಯಾಗಿ ಓದ್ತೀನಿ. ನೀನೂ ಕೇಳು."